ತೊಯ್ದ ಗೋಣಿಚೀಲದ ಜಾರುಬಂಡೆ

‘ಆಗೆಲ್ಲ ಊರೇ ಮೈದಾನ ಆಗಿತ್ತು ಕಣ್ರೀ’ ಎನ್ನುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಗುಮಾನಿ. ಶಿವಾಜಿನಗರದಿಂದ ಕೆ.ಆರ್. ಪುರದವರೆಗೆ ಯಾರನ್ನೇ ಕೇಳಿ, ಇದೇ ಮಾತು. ತೊಂಬತ್ತರ ದಶಕದಲ್ಲಿ ಖಾಲಿ ಸೈಟುಗಳಿದ್ದವಂತೆ, ಮರಗಳಿದ್ದವಂತೆ, ಮಕ್ಕಳು ಕತ್ತಲಾಗುವವರೆಗೆ ಆಡುತ್ತಿದ್ದರಂತೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಎದುರಿನವರು ಈ ಮಾತು ತೆಗೆದರೆ ಸಾಕು, ನಾನು ಎದ್ದು ನಿಂತು ಕೇಳುತ್ತಿದ್ದೆ: ಯಾರ ಮಕ್ಕಳು? ಹುಡುಗಿಯರು ಎಲ್ಲಿದ್ದರು? ಕಾಂಪೌಂಡಿನ ಮೇಲೆ ಕೂತು ಅಣ್ಣತಮ್ಮಂದಿರ ಚಪ್ಪಲಿ ಕಾಯುತ್ತಿದ್ದರಲ್ಲವೇ? ಎದುರಾಳಿ ತಡವರಿಸುತ್ತಿದ್ದ. ಗಂಟೆ ಹೊಡೆಯುತ್ತಿತ್ತು. ಕಪ್ಪು ನಮ್ಮ ಕಾಲೇಜಿಗೆ.

ಇಷ್ಟೆಲ್ಲ ಖಂಡಿಸುತ್ತಿದ್ದವಳು ನನ್ನದೇ ಒಂದು ನೆನಪನ್ನು ಮಾತ್ರ ಯಾವ ಪರೀಕ್ಷೆಗೂ ಒಡ್ಡಿರಲಿಲ್ಲ.

ಅದು ಇಂದಿರಾನಗರದ ಒಂದು ಪಾರ್ಕು. ಆಗ ನಾವು ರಾಯಚೂರು ಕಡೆಯಿಂದ ಬಂದು ಬೈಯಪ್ಪನಹಳ್ಳಿಯಲ್ಲಿ ಒಂದು ರೂಮು ಹಿಡಿದಿದ್ದೆವು. ಅವ್ವ ಪಾರ್ಕಿನ ಎದುರಿನ ಎರಡು ಮನೆಗಳಲ್ಲಿ ಕೆಲಸಕ್ಕಿದ್ದಳು. ಮಧ್ಯಾಹ್ನದ ಪಾತ್ರೆ ಮುಗಿಸಿ, ಸಂಜೆಯ ಕಸಮುಸುರೆಗೆ ಮುಂಚೆ, ಅಕ್ಕನನ್ನೂ ನನ್ನನ್ನೂ ಅಲ್ಲಿಗೆ ಬಿಡುತ್ತಿದ್ದಳು. ಪಾರ್ಕಿನಲ್ಲಿ ಒಂದು ನರಪಿಳ್ಳೆಯೂ ಇರುತ್ತಿರಲಿಲ್ಲ. ಉಯ್ಯಾಲೆಗಳೆಲ್ಲ ನಮ್ಮವು, ಏರಿಳಿಯುವ ಹಲಗೆ ನಮ್ಮದು, ತಗಡಿನ ಉದ್ದನೆಯ ಜಾರುಬಂಡೆ ನಮ್ಮದು. ಎಲ್ಲಕ್ಕಿಂತ ದೊಡ್ಡ ಮಜಾ ಅವ್ವನ ಗೋಣಿಚೀಲದ್ದು. ಗಿಡಕ್ಕೆ ನೀರು ಬಿಡುವ ನಲ್ಲಿಯಲ್ಲಿ ಚೀಲ ತೊಯ್ಸಿ ತಂದು ಜಾರುಬಂಡೆಯ ಮೇಲೆ ಹಾಸುತ್ತಿದ್ದಳು. ಚುರ್ ಎಂದು ಹಬೆ ಏಳುತ್ತಿತ್ತು. ಒದ್ದೆ ಸೆಣಬಿನ ವಾಸನೆಯಲ್ಲಿ, ಚೀಲದ ಸಮೇತ ಜಾರಿ ಮರಳಿಗೆ ಬಿದ್ದು ನಗುತ್ತಿದ್ದೆವು. ಬಿಸಿಲು ಇಳಿಯತೊಡಗಿದರೆ ಅವ್ವ ‘ಸಾಕು, ಇಳೀರಿ’ ಎಂದು ಚೀಲ ಸುತ್ತುತ್ತಿದ್ದಳು. ಇಷ್ಟು ದೊಡ್ಡ ಪಾರ್ಕಿಗೆ ನಾವಿಬ್ಬರೇ ರಾಣಿಯರು! ಈ ಊರಿನಲ್ಲಿ ನನಗಿಂತ ಒಳ್ಳೆಯ ಆಟದ ಬಯಲು ಯಾರಿಗೂ ಸಿಕ್ಕಿರಲಿಕ್ಕಿಲ್ಲ ಎಂದೇ ನಂಬಿದ್ದೆ.

ಹೊಸ ಶತಮಾನ ಬಂದು, ನಾನು ಡಿಗ್ರಿ ಎರಡನೇ ವರ್ಷಕ್ಕೆ ಬರುವ ಹೊತ್ತಿಗೆ ಅಕ್ಕನ ಮಗಳಿಗೆ ಐದು ವರ್ಷ. ಅಕ್ಕ ಗಾರ್ಮೆಂಟ್ಸಿಗೆ ಹೋಗುತ್ತಿದ್ದಳು. ಮಂಡಿನೋವಿಗೆ ಕೆಲಸ ಬಿಟ್ಟಿದ್ದ ಅವ್ವ ಮಗುವನ್ನು ನೋಡಿಕೊಳ್ಳುತ್ತಿದ್ದಳು. ಶೀಟಿನ ಮನೆ, ಮೊದಲ ಮಹಡಿ, ಕಂಬಿಯಿಲ್ಲದ ಮೆಟ್ಟಿಲು. ಕೆಳಗಿನ ಗಲ್ಲಿಯಲ್ಲಿ ಬೈಕು ನಿಲ್ಲಿಸಿದ ಮೇಲೆ ಒಬ್ಬರು ಅಡ್ಡಡ್ಡ ನಡೆಯುವಷ್ಟೇ ಜಾಗ. ಮಗು ಮೆಟ್ಟಿಲನ್ನೇ ಆಟ ಮಾಡಿಕೊಂಡಿತ್ತು. ಒಂದು ದಿನ ಉರುಳಿ ಬಿದ್ದು ತುಟಿ ಹರಿದುಕೊಂಡಿತು. ರಕ್ತ ಒರೆಸುತ್ತ ನಾನು ಘೋಷಿಸಿದೆ: ‘ಈ ಮಗೂಗೆ ಒಂದು ಒಳ್ಳೆ ಆಟದ ಜಾಗ ಹುಡುಕೇ ಹುಡುಕ್ತೀನಿ.’

‘ಹುಡುಕವ್ವ, ಹುಡುಕು. ಕಪ್ಪು ಕೊಡ್ತಾರೇನೋ,’ ಎಂದಳು ಅವ್ವ.

ಭಾನುವಾರಗಳಲ್ಲಿ ಮಗುವನ್ನು ಕರೆದುಕೊಂಡು ಹೊರಟೆ. ಹಲಸೂರಿನಲ್ಲಿ ಒಂದು ಪಾರ್ಕು ಸಿಕ್ಕಿತು. ಉಯ್ಯಾಲೆಯ ಕಂಬ ಇತ್ತು, ಸರಪಳಿ ಇತ್ತು, ಕೂರುವ ಹಲಗೆ ಇರಲಿಲ್ಲ. ಮಗು ಸರಪಳಿಗೆ ಜೋತುಬಿದ್ದು ನನ್ನ ಮುಖ ನೋಡಿತು. ಶಿವಾಜಿನಗರದ ಮೈದಾನದಲ್ಲಿ ಒಂದರ ಮೇಲೊಂದು ಕ್ರಿಕೆಟ್ ಮ್ಯಾಚು, ಒಬ್ಬರ ಬೌಂಡರಿ ಇನ್ನೊಬ್ಬರ ಪಿಚ್ಚು. ಕಾಲಿಡುತ್ತಲೇ ‘ಬಾಜೀ, ಬಚ್ಚೀಕು ಹಟಾಲೋ, ಬಾಲ್ ಲಗ್ತಾ!’ ಎಂದು ಕೂಗಿದರು, ಚೆಂಡು ತಗಲುವ ಮೊದಲು ಮಗುವನ್ನು ಎತ್ತಿಕೊಂಡು ಓಡಿದೆ. ಸಿ.ವಿ. ರಾಮನ್ ನಗರದಲ್ಲಂತೂ ‘ಮಕ್ಕಳ ಉದ್ಯಾನ’ ಎಂಬ ಬೋರ್ಡು, ಅದರ ಕೆಳಗೆ ಇನ್ನೊಂದು: ‘ಆಟ ಆಡುವುದನ್ನು ನಿಷೇಧಿಸಲಾಗಿದೆ’. ಎರಡನ್ನೂ ಒಬ್ಬನೇ ಬರೆದಂತಿತ್ತು, ಅಕ್ಷರ ಒಂದೇ. ಕೆ.ಆರ್. ಪುರದಲ್ಲಿ ಮೈದಾನವಿದೆ ಎಂದು ಯಾರೋ ಹೇಳಿದರು. ಹೋಗಿ ನೋಡಿದರೆ ಟಿಪ್ಪರ್ ಲಾರಿಗಳು ಒಡೆದ ಮನೆಗಳ ಇಟ್ಟಿಗೆ ಸುರಿಯುತ್ತಿದ್ದವು. ಮಗು ಮಾತ್ರ ಒಂದು ಹೆಂಚಿನ ಚೂರು ಆರಿಸಿಕೊಂಡು ಕುಂಟೆಬಿಲ್ಲೆಗೆ ಆಯಿತು ಎಂದು ಖುಷಿಪಟ್ಟಿತು. ಇಷ್ಟು ದೊಡ್ಡ ಊರಿನಲ್ಲಿ ಐದು ವರ್ಷದ ಒಂದು ಜೀವಕ್ಕೆ ಜಾರಿ ಬೀಳುವುದಕ್ಕೊಂದು ಜಾಗವಿಲ್ಲವೆಂದರೆ!

ಆಗ ನನ್ನ ಪಾರ್ಕು ನೆನಪಾಯಿತು. ‘ಅವ್ವಾ, ಅದು ಎಲ್ಲಿತ್ತು? ನೀನು ಕೆಲಸಕ್ಕೆ ಹೋಗ್ತಿದ್ದಾಗ ನಮ್ಮನ್ನ ಬಿಡ್ತಿದ್ದೆಯಲ್ಲ?’

ಅವ್ವ ಅಕ್ಕಿ ಆರಿಸುತ್ತಿದ್ದಳು. ‘ಅದು ದೂರ ಆತದ,’ ಎಂದಳು.

ದೂರವೇ? ಬಸ್ಸಿನಲ್ಲಿ ನಾಲ್ಕೈದು ಸ್ಟಾಪು. ನಾನೇ ಗುರುತು ಹಿಡಿದು, ಒಂದು ಶನಿವಾರ ಸಂಜೆ ಮಗುವಿಗೆ ಹೊಸ ಫ್ರಾಕು ಹಾಕಿ ಕರೆದುಕೊಂಡು ಹೋದೆ. ಅವ್ವನಿಗೆ ಹೇಳಲಿಲ್ಲ. ಬಂದ ಮೇಲೆ ಹೇಳಿ ದಂಗುಬಡಿಸೋಣ ಎಂದುಕೊಂಡಿದ್ದೆ.

ಪಾರ್ಕು ಹಾಗೆಯೇ ಇತ್ತು, ಇನ್ನೂ ಚೆನ್ನಾಗಿತ್ತು. ಉಯ್ಯಾಲೆಗಳಿಗೆ ಹೊಸ ಬಣ್ಣ, ಜರಡಿ ಹಿಡಿದಂಥ ಮರಳು, ಅದೇ ತಗಡಿನ ಜಾರುಬಂಡೆ. ಒಂದೇ ವ್ಯತ್ಯಾಸ: ಪಾರ್ಕಿನ ತುಂಬ ಮಕ್ಕಳು. ನಮ್ಮ ಮಗು ಚಪ್ಪಲಿ ಬಿಟ್ಟು ಓಡಿತು, ಉಯ್ಯಾಲೆಯ ಸರದಿಯಲ್ಲಿ ನಿಂತಿತು, ಅದರ ಪಾಳಿಯೂ ಬಂತು. ಜೀಕುತ್ತ ಜೀಕುತ್ತ ‘ಚಿಗವ್ವಾ, ನೋಡಿಲ್ಲಿ!’ ಎಂದು ಕೂಗಿತು.

ಪಕ್ಕದ ಉಯ್ಯಾಲೆಯ ಮಗುವಿನ ತಾಯಿ ನಗುನಗುತ್ತಲೇ ಕೇಳಿದರು, ‘ಯಾವ ಮನೆ ಪುಟ್ಟಾ?’

‘ಬೈಯಪ್ಪನಹಳ್ಳಿ. ಶೀಟ್ ಮನೆ,’ ಎಂದಿತು ಮಗು, ಹೆಮ್ಮೆಯಿಂದ.

ಆಕೆ ವಾಚ್‌ಮನ್ ಕಡೆ ಒಮ್ಮೆ ನೋಡಿದರು, ಅಷ್ಟೇ. ಆತ ಕೋಲು ಊರಿಕೊಂಡು ನನ್ನ ಹತ್ತಿರ ಬಂದ. ದನಿಯಲ್ಲಿ ಸಿಟ್ಟಿರಲಿಲ್ಲ.

‘ಏನಮ್ಮಾ, ಈ ಹೊತ್ನಲ್ಲಿ ಬಂದ್ಬಿಟ್ಟಿದ್ದೀಯಾ? ನಿಮ್ ಟೈಮ್ ಮಧ್ಯಾಹ್ನ ಅಲ್ವಾ?’

‘ನಮ್ ಟೈಮಾ? ಯಾರ ಟೈಮು?’

‘ಕೆಲಸದೋರ ಮಕ್ಳು ಊಟದ್ ಹೊತ್ತಾದ್ಮೇಲೆ ಬರ್ತಾರೆ, ನಾಲ್ಕಕ್ಕೆ ಖಾಲಿ ಮಾಡ್ತಾರೆ. ಯಾವ ಮನೇಲಮ್ಮಾ ನೀನು ಕೆಲ್ಸಕ್ಕಿರೋದು?’

‘ನಾನು ಕಾಲೇಜಲ್ಲಿ ಓದ್ತಿದೀನಿ. ಆ ಮಾತು ಬಿಡಿ. ಈ ನಿಯಮ ಎಲ್ಲಿ ಬರೆದಿದೆ, ತೋರಿಸಿ.’

ಪಾಪ, ಆತ ನಿಜವಾಗಿಯೂ ಬೋರ್ಡಿನ ಹತ್ತಿರ ಕರೆದುಕೊಂಡು ಹೋದ. ಹೂ ಕೀಳಬಾರದು, ನಾಯಿ ತರಬಾರದು ಎಂದಿತ್ತು. ‘ಬರ್ದಿಲ್ಲಮ್ಮಾ. ಎಲ್ರಿಗೂ ಗೊತ್ತಿರೋದೇ.’

‘ನಂಗೆ ಗೊತ್ತಿಲ್ವಲ್ಲ?’

‘ಮನೇಲಿ ದೊಡ್ಡೋರ್ನ ಕೇಳು. ಗೊತ್ತಿರತ್ತೆ.’

ಉಯ್ಯಾಲೆಯ ಬಳಿಯ ಮಹಿಳೆಯೂ ಅಲ್ಲಿಗೆ ಬಂದರು. ‘ನಾವ್ಯಾರೂ ಬರಬೇಡಿ ಅಂದಿಲ್ವಲ್ಲಮ್ಮಾ. ಮಧ್ಯಾಹ್ನ ಪೂರ್ತಿ ಖಾಲಿ ಇರತ್ತೆ, ನಿಮ್ ಮಕ್ಳು ಆರಾಮಾಗಿ ಆಡ್ಬಹುದು. ಅಸೋಸಿಯೇಷನ್ನವರು ಹಾಗೆ ಮಾಡಿರೋದು.’

‘ಇಲ್ಲ ಮೇಡಂ, ಅಸೋಸಿಯೇಷನ್ನವರು ಏನೂ ಹೇಳಿಲ್ಲ, ನೀವೆಲ್ಲ ಹೇಳಿದ್ದೇ,’ ಎಂದ ವಾಚ್‌ಮನ್. ಆಕೆ ಅವನನ್ನು ನೋಡಿದರು. ಅವನು ಬೋರ್ಡನ್ನು ನೋಡಿದ.

ಇದಕ್ಕಿಂತ ಸುಲಭದ ವಾದ ನನಗೆ ಎಂದೂ ಸಿಕ್ಕಿರಲಿಲ್ಲ. ಬರೆಯದ ನಿಯಮ, ಮಾಡಿದವರಿಲ್ಲದ ನಿಯಮ! ಪಾರ್ಕು ಯಾರ ತೆರಿಗೆಯದು, ಬಿಸಿಲು ಯಾರ ಪಾಲಿಗೆ, ತಂಪು ಯಾರ ಪಾಲಿಗೆ, ಒಂದೊಂದಾಗಿ ಕೇಳಿದೆ. ಕೊನೆಗೆ ಆಕೆ ‘ಸರಿಯಮ್ಮಾ, ಆಡಲಿ ಬಿಡಿ, ಯಾರು ಬೇಡ ಅಂದ್ರು’ ಎಂದು ಹೊರಟುಹೋದರು. ಗೆದ್ದೆ.

ಗೆದ್ದು ತಿರುಗಿ ನೋಡಿದರೆ ಉಯ್ಯಾಲೆಯ ಮೇಲೆ ಬೇರೆ ಮಗು. ನಮ್ಮದು ಗೇಟಿನ ಹತ್ತಿರ ನಿಂತಿತ್ತು. ಯಾರೂ ಹೇಳದೆ ತಾನೇ ಇಳಿದು, ಚಪ್ಪಲಿ ಹುಡುಕಿ, ಎಡದ್ದು ಬಲಕ್ಕೆ ಬಲದ್ದು ಎಡಕ್ಕೆ ಹಾಕಿಕೊಂಡು ನಿಂತಿತ್ತು. ‘ಆಡಬಹುದಂತೆ, ಬಾರೇ,’ ಎಂದೆ. ತಲೆಯಾಡಿಸಿತು. ‘ಹೋಗಣ ಚಿಗವ್ವಾ.’ ನನ್ನ ಗೆಲುವು ಅಲ್ಲೇ ಮರಳಿನಲ್ಲಿ ಬಿದ್ದಿತ್ತು, ಎತ್ತಿಕೊಳ್ಳುವವರೇ ಇಲ್ಲ.

ಮನೆಗೆ ಬಂದು ಎಲ್ಲವನ್ನೂ ಅವ್ವನಿಗೆ ಹೇಳಿದೆ. ಅವಳಿಗೆ ಸಿಟ್ಟು ಬರುತ್ತದೆ, ಅಳುತ್ತಾಳೆ, ಏನಾದರೂ ಆಗುತ್ತದೆ ಎಂದುಕೊಂಡಿದ್ದೆ. ಅವ್ವ ಕೇಳಿದ್ದು ಇಷ್ಟು: ‘ಸಂಜಿ ಮುಂದ ಯಾಕ ಹೋಗಿದ್ದಿ?’

‘ಅಂದ್ರೆ ನಿಂಗೆ ಗೊತ್ತಿತ್ತಾ?’

ಅವ್ವ ಎದ್ದಳು. ನೀರಿನ ಡ್ರಮ್ಮಿನ ಹಿಂದಿನಿಂದ ಒಂದು ಗೋಣಿಚೀಲ ಎಳೆದು ಕೊಡವಿದಳು. ‘ನಾಳೆ ಮಧ್ಯಾಹ್ನ ನಾ ಕರ್ಕೊಂಡು ಹೋಗ್ತೀನಿ. ಚೀಲ ತೊಯ್ಸಿ ಹಾಸಿದ್ರ ತಗಡು ಸುಡಂಗಿಲ್ಲ.’

ಚೀಲವನ್ನು ನೋಡುತ್ತ ನಿಂತುಬಿಟ್ಟೆ. ಸುಡಂಗಿಲ್ಲ. ಅಷ್ಟು ವರ್ಷ ನೆನಪಿನಲ್ಲಿಟ್ಟುಕೊಂಡ ಚುರ್ ಎಂಬ ಸದ್ದು, ಆ ಹಬೆ... ‘ಅವ್ವಾ, ಅದು ಆಟ ಅಲ್ವಾ?’

‘ಮೊದಲನೇ ದಿನ ನಿಮ್ಮಕ್ಕನ ತೊಡಿ ಸುಟ್ಟು ಬೊಬ್ಬಿ ಎದ್ದಿದ್ವು. ಮರುದಿನ ಚೀಲ ಒಯ್ದೆ. ಇದ್ಯಾಕವ್ವ ಅಂತ ನೀ ಕೇಳಿದಿ. ಆಟ ಅಂದೆ. ಮತ್ತೇನಂತ ಹೇಳ್ಲಿ ಅಷ್ಟು ಸಣ್ಣಾಕಿಗಿ?’

ಪಾರ್ಕು ಖಾಲಿಯಿದ್ದದ್ದು ನಮ್ಮ ಭಾಗ್ಯದಿಂದಲ್ಲ. ಆ ಬಿಸಿಲಿನಲ್ಲಿ ತಮ್ಮ ಮಕ್ಕಳನ್ನು ಯಾರು ಬಿಡುತ್ತಾರೆ? ಎದುರಿನ ಮನೆಗಳ ಮಕ್ಕಳು ಆಗ ಫ್ಯಾನಿನ ಕೆಳಗೆ ಮಲಗಿರುತ್ತಿದ್ದರು. ಅವರು ಎದ್ದು ಹಾಲು ಕುಡಿದು ಬರುವಷ್ಟರಲ್ಲಿ ಅವ್ವ ನಮ್ಮನ್ನು ಇಳಿಸಿ ಚೀಲ ಸುತ್ತುತ್ತಿದ್ದಳು. ನಾನು ರಾಣಿ ಎಂದುಕೊಂಡು ಕೂತದ್ದು ಕಾದ ತಗಡಿನ ಮೇಲೆ. ಎಲ್ಲರ ನೆನಪಿಗೂ ಸಾಕ್ಷಿ ಕೇಳುತ್ತಿದ್ದವಳು ನಾನು!

‘ನಾಳೆ ಸಂಜೆನೇ ಹೋಗೋಣ,’ ಎಂದೆ. ‘ಅವರೇ ಆಡಲಿ ಅಂದಿದಾರೆ. ನಾನು ಪಕ್ಕದಲ್ಲೇ ನಿಂತಿರ್ತೀನಿ.’

‘ನೀ ನಿಂತಿರ್ತಿ. ಕೂಸು ಮಂದಿ ಮಾರಿ ನೋಡ್ಕೋತ ನಿಲ್ತದ. ಮಧ್ಯಾಹ್ನ ಹೋದ್ರ ಆಡ್ತದ. ನಿನಗ ಏನು ಬೇಕು, ಅದು ಆಡೋದೋ, ನೀ ವಾದ ಗೆಲ್ಲೋದೋ?’

ಯಾವ ವೇದಿಕೆಯ ಮೇಲೂ ನನ್ನನ್ನು ಯಾರೂ ಹೀಗೆ ಕೂರಿಸಿರಲಿಲ್ಲ. ಇದು ಸರಿಯಾದ ವಾದವಲ್ಲ ಎಂದು ಗೊತ್ತಿತ್ತು. ಆದರೆ ಗೇಟಿನ ಹತ್ತಿರ ಅದಲುಬದಲು ಚಪ್ಪಲಿ ಹಾಕಿಕೊಂಡು ನಿಂತಿದ್ದ ಮಗುವನ್ನು ನಾನೇ ಕಣ್ಣಾರೆ ಕಂಡಿದ್ದೆ.

ಮರುದಿನ ಮೂವರೂ ಹೋದೆವು. ಬಿಸಿಲು ನೆತ್ತಿ ಸುಡುತ್ತಿತ್ತು. ಅವ್ವ ಮಂಡಿ ಹಿಡಿದುಕೊಂಡು ನಲ್ಲಿಯವರೆಗೆ ನಡೆದು ಚೀಲ ತೊಯ್ಸಿ ತಂದಳು, ಜಾರುಬಂಡೆಯ ಮೇಲೆ ಹಾಸಿದಳು. ಚುರ್ ಎಂದಿತು. ಮಗು ಕೇಕೆ ಹಾಕಿತು. ಹತ್ತಿತು, ಜಾರಿತು, ಮತ್ತೆ ಹತ್ತಿತು. ನಿನ್ನೆಯ ಮುಖವೇ ಅದಕ್ಕಿರಲಿಲ್ಲ. ಮೇಲಿಂದ ಎರಡೂ ಕೈ ಚಾಚಿ ಕೂಗಿತು: ‘ಚಿಗವ್ವಾ, ಇದೆಲ್ಲಾ ನಂದೇ!’

ಅವ್ವ ನನ್ನ ಕಡೆ ನೋಡಿದಳು, ನೋಡಿದೆಯಾ ಎನ್ನುವಂತೆ.

ಮರಗಳ ನೆರಳು ಉದ್ದವಾಗಿ ಮರಳಿನವರೆಗೆ ಬಂತು. ಅವ್ವ ಮೂರನೆಯ ಸಲ ತೊಯ್ಸಿ ತಂದ ಚೀಲದಿಂದ ಹಬೆಯೇಳಲಿಲ್ಲ. ಗೇಟಿನ ಹೊರಗೆ ಮಕ್ಕಳ ದನಿ ಕೇಳತೊಡಗಿತು. ವಾಚ್‌ಮನ್ ಕುರ್ಚಿಯಿಂದ ಎದ್ದ, ಆದರೆ ನಮ್ಮ ಕಡೆ ಬರಲಿಲ್ಲ. ಬರುವ ಅಗತ್ಯವೇ ಬೀಳಲಿಲ್ಲ. ಅವ್ವ ಆಗಲೇ ಚೀಲ ಹಿಂಡುತ್ತಿದ್ದಳು. ಮಗು ಮೇಲೆ ಹತ್ತಿ ಇನ್ನೊಮ್ಮೆ ಜಾರಲು ಕೂತಿತ್ತು.

‘ಸಾಕು, ಇಳಿಯವ್ವ,’ ಎಂದಳು ಅವ್ವ.

ನಾನು ಜಾರುಬಂಡೆಯ ಮೇಲೆ ಅಂಗೈ ಇಟ್ಟೆ. ಅವ್ವನ ಕೈ ಹಿಡಿದು ಅದನ್ನೂ ತಗಡಿನ ಮೇಲೆ ಇಡಿಸಿದೆ.

‘ಅವ್ವಾ, ಈಗ ತಣ್ಣಗಾಗಿದೆ. ಈಗ ಯಾಕೆ ಇಳಿಸ್ತಿದ್ದೀಯಾ?’