ಜೋಳದ ದಂಟಿನ ಚಸ್ಮಾ

"ನಾ ಹಾಕ್ಕೊಳ್ಳಂಗಿಲ್ಲ, ಓಣ್ಯಾಗ ಎಲ್ಲಾರೂ ನಗ್ತಾರ!" ಎನ್ನುತ್ತ ನನ್ನ ಐದು ವರ್ಷದ ಮಗಳು ಹೊಸ ಚಸ್ಮಾವನ್ನು ನನ್ನ ಮಡಿಲಿಗೆ ಎಸೆದಳು. ಎಂಬತ್ತರ ದಶಕದ ಮಾತು. ಕೊಪ್ಪಳದಲ್ಲಿ ಕಣ್ಣು ತೋರಿಸಿಕೊಂಡು ಮರಳುವಾಗ ಬಸ್ಸು ಇರಕಲ್ಲಗಡದ ಬಳಿ ಕೆಟ್ಟು, ನಾವು ಬೇವಿನ ನೆರಳಲ್ಲಿ ಕೂತಿದ್ದೆವು.

ಮೇವಿನ ಹೊರೆ ಇಳಿಸಿ ಪಕ್ಕದಲ್ಲಿ ಕೂತಿದ್ದ ಅಜ್ಜಿಯೊಬ್ಬರು ಜೋಳದ ದಂಟನ್ನು ಸೀಳಿದರು. ಸಿಪ್ಪೆಯನ್ನು ಬಗ್ಗಿಸಿ, ಒಳಗಿನ ಬೆಂಡಿಗೆ ಚುಚ್ಚಿ, ಚಸ್ಮಾ ಮಾಡಿ ತಾವೇ ಹಾಕಿಕೊಂಡರು.

"ನಂದು ಹಾಕ್ಕೊಂಡೆ. ಈಗ ನಿಂದು ಹಾಕ್ಕೋ, ನನ್ನವ್ವ."

ಮಗಳು ನಕ್ಕು ಹಾಕಿಕೊಂಡಳು. ದೂರದ ಹೊಲದತ್ತ ನೋಡಿ ಕೂಗಿದಳು: "ಅವ್ವಾ, ಆ ಎತ್ತಿನ ಕೋಡಿಗೆ ಗೊಂಡೆ ಕಟ್ಯಾರ!"

ಹೆಸರೂ ಕೇಳದೆ ಬಂದೆ, ಆದರೆ ಆ ಅಜ್ಜಿಯ ಉಪಕಾರ ಮರೆತಿಲ್ಲ. ಅವರು ಮಾಡಿದಂತೆಯೇ ಮರುದಿನ ಓಣಿಯ ಮಕ್ಕಳಿಗೆಲ್ಲ ದಂಟಿನ ಚಸ್ಮಾ ಮಾಡಿಕೊಟ್ಟೆ. ನನ್ನ ಮಗಳನ್ನು ನೋಡಿ ನಗಲು ಯಾರೂ ಉಳಿಯಲಿಲ್ಲ.