ಗೋಡೆಗೆ ಮುಖ ಮಾಡಿದ ಮೇಷ್ಟ್ರು

ವಾಲಿಬಾಲ್ ಮೇಷ್ಟ್ರು ಹುಡುಗಿಯರ ಜಿಗಿತವನ್ನು ಒಂದು ದಿನವೂ ಕಣ್ಣೆತ್ತಿ ನೋಡಿದವರಲ್ಲ. ಮರದ ಪೆಟ್ಟಿಗೆಯಿಂದ ಧುಮುಕಿ, ಕಾಲು ನೆಲ ಮುಟ್ಟಿದ್ದೇ ತಡ ನೆಟ್ಟಿನ ಮೇಲಕ್ಕೆ ಚಿಮ್ಮುವ ಅಭ್ಯಾಸ ಶುರುವಾದರೆ ಸಾಕು, ಅವರು ಗೋಡೆಗೆ ಮುಖ ಮಾಡಿ ಕೈಕಟ್ಟಿ ನಿಂತುಬಿಡುತ್ತಿದ್ದರು. "ಹಾರೋದನ್ನ ಊರೆಲ್ಲಾ ನೋಡುತ್ತೆ, ಇಳಿಯೋದನ್ನ ನಾನು ಕೇಳ್ತೀನಿ" ಅನ್ನುವುದು ಅವರ ಮಾತು. ಹೆಸರಿಡುತ್ತಿದ್ದದ್ದೂ ಸದ್ದು ಕೇಳಿಯೇ: ಹಗುರಾಗಿ ಇಳಿಯುವವಳು ಬೆಕ್ಕು, ಧೊಪ್ಪನೆ ಬೀಳುವವಳು ಮೂಟೆ. "ಮಂಡಿ ಬಗ್ಸೇ ಮೂಟೆ! ನೆಲ ನಿಂಗೇನ್ ಮಾಡಿತ್ತು, ಹಂಗ್ ಒದೀತೀಯಾ?" ಅವರ ಬಾಯಲ್ಲಿ ಒಮ್ಮೆಯಾದರೂ ಬೆಕ್ಕು ಅನ್ನಿಸಿಕೊಳ್ಳಬೇಕೆಂದು ಮೂಟೆ ಮೂರು ವರ್ಷ ಹಾರಿದಳು, ಆಗಲಿಲ್ಲ. ಇಪ್ಪತ್ತು ವರ್ಷಗಳ ಮೇಲೆ ಮಗಳನ್ನು ಸೇರಿಸಲು ಬಂದಾಗ ಅದೇ ಪೆಟ್ಟಿಗೆ, ಗೋಡೆಗೆ ಮುಖ ಮಾಡಿದ ಅದೇ ಬೆನ್ನು ಕಂಡು ಅವಳಿಗೆ ತಡೆಯಲಾಗಲಿಲ್ಲ. ಚಪ್ಪಲಿ ಬಿಟ್ಟು, ಪೆಟ್ಟಿಗೆ ಹತ್ತಿ, ಉಸಿರು ಬಿಗಿಹಿಡಿದು ಧುಮುಕಿದಳು. ಸದ್ದೇ ಆಗಲಿಲ್ಲ ಅಂದುಕೊಂಡಳು. ಮೇಷ್ಟ್ರು ತಿರುಗಲಿಲ್ಲ. "ಬಾರೇ ಮೂಟೆ" ಅಂದರು. ಆಮೇಲೆ ದನಿ ತಗ್ಗಿಸಿ, ಅವಳು ಮನೆಯಲ್ಲಿ ಯಾರಿಗೂ ಹೇಳದೆ ಇದ್ದದ್ದನ್ನು ಕೇಳಿದರು: "ಬಲಮಂಡಿ ಯಾವಾಗಿಂದ ನೋಯ್ತಿದೆ?"