ಕ್ಯಾಮೆರಾ ಪಕ್ಕದ ಬೊಟ್ಟು

ಅಮ್ಮ ತನ್ನ ಹಣೆಯ ಬೊಟ್ಟನ್ನು ಕಿತ್ತು ನನ್ನ ಲ್ಯಾಪ್‌ಟಾಪಿನ ಕ್ಯಾಮೆರಾ ಪಕ್ಕದಲ್ಲಿ ಅಂಟಿಸಿಬಿಟ್ಟಳು. ನಾನು ಬೆಚ್ಚಿದೆ. ನಮ್ಮ ಪುರವರದ ಕಡೆ ಮುತ್ತೈದೆಯರು ಒಂದು ಗಳಿಗೆಯೂ ಬರಿಹಣೆಯಲ್ಲಿ ಇರುವುದಿಲ್ಲ.

ಮರುದಿನ ಬೆಂಗಳೂರಿನ ಒಂದು ಲಾ ಫರ್ಮಿನವರು ವಿಡಿಯೊದಲ್ಲಿ ನನ್ನ ಸಂದರ್ಶನ ಮಾಡುವವರಿದ್ದರು. ಅಭ್ಯಾಸಕ್ಕೆಂದು ನಾನು ರೆಕಾರ್ಡ್ ಮಾಡಿ ಕಳಿಸಿದ್ದನ್ನು ನೋಡಿದ ಕಾಲೇಜಿನ ಸೀನಿಯರ್ ಒಬ್ಬಳು, "ಉತ್ತರ ಚೆನ್ನಾಗಿದೆ. ಆದ್ರೆ ಕಣ್ಣು ತಗ್ಗಿಸ್ತೀಯ, ಸುಳ್ಳು ಹೇಳ್ತಿರೋ ಥರ ಕಾಣುತ್ತೆ" ಎಂದಿದ್ದಳು. ದೊಡ್ಡವರ ಎದುರು ತಲೆ ತಗ್ಗಿಸಿ ಮಾತಾಡಬೇಕೆಂದು ಕಲಿಸಿದವಳು ಅಮ್ಮನೇ. ಎಷ್ಟು ತಿದ್ದಿಕೊಂಡರೂ ನನ್ನ ಕಣ್ಣು ತಾನಾಗಿ ಕೀಬೋರ್ಡಿಗೆ ಇಳಿಯುತ್ತಿತ್ತು.

"ನಾನೇ ಕಲ್ಸಿದ್ದು ಕಣಮ್ಮ, ನಾನೇ ಬುಡುಸ್ತೀನಿ. ಈ ಬೊಟ್ಟು ನೋಡ್ಕಂಡು ಮಾತಾಡು. ನನ್ತಾವ ಜಗಳ ಆಡ್ತೀಯಲ್ಲ, ಅಂಗೆ" ಎಂದಳು ಅಮ್ಮ.

ಸಂದರ್ಶನ ಮುಗಿದು ವಾರವಾಯಿತು, ಉತ್ತರ ಇನ್ನೂ ಬಂದಿಲ್ಲ. ನಿನ್ನೆ ದೊಡ್ಡಪ್ಪ ಮನೆಗೆ ಬಂದು ನನ್ನ ಮದುವೆಯ ಮಾತೆತ್ತಿದರು. "ಈಗ ಬೇಡ ದೊಡ್ಡಪ್ಪ" ಎಂದೆ. ಹೇಳಿದ ಮೇಲೆ ಗೊತ್ತಾಯಿತು, ನಾನು ಅವರ ಕಣ್ಣನ್ನೇ ನೋಡುತ್ತಿದ್ದೆ. ಬಾಗಿಲ ಬಳಿ ನಿಂತಿದ್ದ ಅಮ್ಮ ತಲೆ ತಗ್ಗಿಸಿಕೊಂಡು ಸದ್ದಿಲ್ಲದೆ ನಗುತ್ತಿದ್ದಳು.